ಇಮೇಲ್ ಮನೆ ಬದಲಾಯಿಸುವುದು ಹೇಗೆ: ಬಾಡಿಗೆಯೋ, ಸ್ವಂತದ್ದೋ?

ಕಳೆದ ದೀಪಾವಳಿಗೆ ರಾಜಾಜಿನಗರದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕಜ್ಜಾಯದ ತಟ್ಟೆ ಕೈಗಿಟ್ಟು ಅವರು ನೇರವಾಗಿ ವಿಷಯಕ್ಕೆ ಬಂದರು. "ಏನಪ್ಪಾ, ನನ್ನ ಮೇಲ್‌ನೆಲ್ಲ ಆ ಕಂಪನಿಯವರು ಓದ್ತಾರಂತೆ, ನಿಜವೇನೋ? ಯಾವುದಾದ್ರೂ ಒಳ್ಳೇ ಮೇಲ್ ಹಾಕ್ಕೊಡು."

"ಯಾರು ಓದಬಾರ್ದು ನಿಮ್ಗೆ, ಚಿಕ್ಕಪ್ಪಾ?"

"ಯಾರೂ ಓದಬಾರ್ದು."

ಅಡುಗೆಮನೆಯಿಂದ ಚಿಕ್ಕಮ್ಮನ ದನಿ: "ಬರೋದೆಲ್ಲ ಕರೆಂಟ್ ಬಿಲ್ಲು. ಯಾರು ಓದ್ತಾರೆ ಬಿಡೋ."

ಬರುವುದು ಬರೀ ಕರೆಂಟ್ ಬಿಲ್ಲಲ್ಲ ಅನ್ನುವುದು ಅವರ ಮೇಲ್ ತೆರೆದಾಗ ಗೊತ್ತಾಯಿತು. ಮನೆಯ ಕ್ರಯಪತ್ರದ ಸ್ಕ್ಯಾನ್ ಇತ್ತು. ಇಬ್ಬರ ಪ್ಯಾನ್ ಕಾರ್ಡ್, ಮಗಳ ಪಾಸ್‌ಪೋರ್ಟ್, ಚಿಕ್ಕಮ್ಮನ ಥೈರಾಯ್ಡ್ ರಿಪೋರ್ಟ್ ಇದ್ದವು. 2007ರಿಂದ ಒಂದನ್ನೂ ಅಳಿಸಿರಲಿಲ್ಲ. ಅಲ್ಮೇರಾದ ಲಾಕರ್‌ನಲ್ಲಿ ಇಡುವಂಥದ್ದೆಲ್ಲ ಅಲ್ಲಿತ್ತು. ಬೀಗ ಮಾತ್ರ ಮೊಮ್ಮಗಳ ಹೆಸರು ಮತ್ತು ಹುಟ್ಟಿದ ವರ್ಷ.

ಅವತ್ತು ಅವರಿಗೆ ಮಾಡಿಕೊಟ್ಟದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಸ್ವಂತ ಮೇಲ್ ಸರ್ವರ್ ನಡೆಸಿ ನಾನು ಪಟ್ಟ ಪಾಡೂ ಕೊನೆಯಲ್ಲಿದೆ.

ಮೊದಲು: ಯಾರಿಂದ ಮುಚ್ಚಿಡಬೇಕು?

"ಯಾರೂ ಓದಬಾರದು" ಅನ್ನುವುದು ಉತ್ತರವಲ್ಲ. ಜಾಹೀರಾತು ಕಂಪನಿ ಒಂದು, ಆಫೀಸಿನ ಐಟಿ ವಿಭಾಗ ಇನ್ನೊಂದು, ಪಾಸ್‌ವರ್ಡ್ ಕದಿಯುವವನು ಮತ್ತೊಂದು. ಒಬ್ಬೊಬ್ಬರಿಗೆ ಒಂದೊಂದು ಬೀಗ ಬೇಕು.

ಜಿಮೇಲ್ 2004ರಲ್ಲಿ ಶುರುವಾದಾಗ ಮೇಲ್‌ನೊಳಗಿನ ಪದ ನೋಡಿಕೊಂಡು ಪಕ್ಕದಲ್ಲಿ ಜಾಹೀರಾತು ತೋರಿಸುತ್ತಿತ್ತು. ಜಾಹೀರಾತಿಗಾಗಿ ಹಾಗೆ ಓದುವುದನ್ನು ನಿಲ್ಲಿಸುತ್ತೇವೆ ಎಂದು ಗೂಗಲ್ 2017ರಲ್ಲಿ ಹೇಳಿತು. ಹಾಗಾಗಿ ಚಿಕ್ಕಪ್ಪ ಕೇಳಿದ ಸುದ್ದಿ ಅರ್ಧ ಹಳೆಯದು. ಆದರೂ ಸ್ಪಾಮ್ ಹಿಡಿಯಲು, ಟಿಕೆಟ್ ಬಂದರೆ ಕ್ಯಾಲೆಂಡರ್‌ಗೆ ಹಾಕಲು ಯಂತ್ರ ಓದುತ್ತಲೇ ಇರುತ್ತದೆ. ಮೇಲ್ ತೆರೆಯುವ ಕೀಲಿ ಅವರ ಹತ್ತಿರವೇ ಇದೆ. ಇದು ನಿಮಗೆ ಪರವಾಗಿಲ್ಲ ಅನಿಸಿದರೆ, ಮೇಲ್ ಬದಲಾಯಿಸದೆ ಬರೀ ಪಾಸ್‌ವರ್ಡ್ ಗಟ್ಟಿ ಮಾಡಿಕೊಂಡರೂ ಮುಕ್ಕಾಲು ಕೆಲಸ ಆಯಿತು. ನಿಜವಾಗಿ ಹೇಳುತ್ತಿದ್ದೇನೆ.

ಬೆಂಗಳೂರಿನಲ್ಲಿ ನಾನು ಜಾಸ್ತಿ ನೋಡಿರುವ ತಪ್ಪು ಬೇರೆ. ಮನೆ ಸಾಲದ ಕಾಗದ, ಮಗುವಿನ ಶಾಲೆ, ಡೀಮ್ಯಾಟ್ ಖಾತೆ ಎಲ್ಲವನ್ನೂ ಆಫೀಸಿನ ಮೇಲ್‌ಗೆ ಕಟ್ಟಿಹಾಕಿರುತ್ತಾರೆ. ಆ ಪೆಟ್ಟಿಗೆ ಕಂಪನಿಯದು. ಅಡ್ಮಿನ್ ಅದನ್ನು ತೆರೆಯಬಲ್ಲ. ಕೆಲಸ ಹೋದ ದಿನ ಸಂಜೆಯೊಳಗೆ ಲಾಗಿನ್ ಬಂದ್ ಆದರೆ ಬ್ಯಾಂಕಿನ ಒಟಿಪಿ ಯಾರ ಮನೆ ಬಾಗಿಲು ತಟ್ಟಬೇಕು? ಮಾನ್ಯತಾ ಟೆಕ್ ಪಾರ್ಕ್ ಗೇಟಿನ ಹೊರಗೆ ನಿಂತು ಇದನ್ನು ಯೋಚಿಸುವ ಬದಲು ಇವತ್ತೇ ಬದಲಾಯಿಸಿ.

ಇನ್ನೊಂದು ತೂತು ಜೆರಾಕ್ಸ್ ಅಂಗಡಿ. ಗೋಡೆ ಮೇಲೆ ಅಂಗಡಿಯ ಮೇಲ್ ಐಡಿ ಅಂಟಿಸಿರುತ್ತಾರೆ. ನಾವು ಆಧಾರ್, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅಲ್ಲಿಗೆ ಕಳಿಸಿ, ಎರಡು ರೂಪಾಯಿ ಕೊಟ್ಟು ಪ್ರಿಂಟ್ ತೆಗೆದುಕೊಂಡು ಬರುತ್ತೇವೆ. ಫೈಲ್ ಅಲ್ಲೇ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಮೇಲ್ ತೆಗೆದುಕೊಂಡರೂ ಈ ತೂತು ಮುಚ್ಚುವುದಿಲ್ಲ. ಪೆನ್‌ಡ್ರೈವ್ ಒಯ್ಯಿರಿ. ಆಧಾರ್ ಕಳಿಸಲೇಬೇಕಾದರೆ ಯುಐಡಿಎಐ ಸೈಟಿನಲ್ಲಿ ಸಿಗುವ ಮಾಸ್ಕ್ಡ್ ಆಧಾರ್ ಕಳಿಸಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ.

ಎರಡನೆಯದು: ವಿಳಾಸ ನಿಮ್ಮದಾಗಲಿ

ಎಲ್ಲರೂ ಮೊದಲು "ಯಾವ ಸರ್ವಿಸ್ ಒಳ್ಳೇದು?" ಎಂದು ಕೇಳುತ್ತಾರೆ. ನಾನು ಮೊದಲು ಡೊಮೇನ್ ಕೊಳ್ಳಿ ಅನ್ನುತ್ತೇನೆ. ಡೊಮೇನ್ ಅಂದರೆ ಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಯ ಆಚೆ ಬರುವ ಹೆಸರು.

ಇದು ಬಾಡಿಗೆ ಮನೆಯ ಲೆಕ್ಕವೇ. ಅಟ್ ಚಿಹ್ನೆಯ ಆಚೆ ಬೇರೆಯವರ ಹೆಸರಿದ್ದರೆ ವಿಳಾಸವೂ ಅವರದೇ. ಓನರ್ ಖಾಲಿ ಮಾಡಿ ಅಂದರೆ ನೂರು ಕಡೆ ಕೊಟ್ಟ ವಿಳಾಸವೆಲ್ಲ ದಂಡ. ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ವಾಪಸ್ ಕೇಳುವ ಹಾಗೂ ಇಲ್ಲ. ನಿಮ್ಮದೇ ಡೊಮೇನ್ ಇದ್ದರೆ ಮೇಲ್ ಇಡುವ ಜಾಗ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಇವತ್ತು ಚೆನ್ನೈನ ಸರ್ವಿಸ್, ನಾಳೆ ಬರ್ಲಿನ್‌ನದು, ನಾಡಿದ್ದು ನಿಮ್ಮದೇ ಸರ್ವರ್. ಬ್ಯಾಂಕಿಗೆ ಇದೊಂದೂ ಗೊತ್ತಾಗುವುದಿಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ. 2025ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಪ್ರೋಟಾನ್ ಮೇಲ್ ಎಂಬ ಸ್ವಿಸ್ ಮೇಲ್ ಸೇವೆಯನ್ನು ಭಾರತದಲ್ಲಿ ನಿರ್ಬಂಧಿಸಲು ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಒಂದು ಕಂಪನಿಯ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಮೇಲ್‌ಗಳು ಆ ಸೇವೆಯ ಮೂಲಕ ಬಂದಿದ್ದವು ಎಂಬುದು ದೂರು. ಅವತ್ತು ನನಗೆ ನಾಲ್ಕೈದು ಜನ ಗಾಬರಿಯಿಂದ ಫೋನ್ ಮಾಡಿದರು. ಸ್ವಂತ ಡೊಮೇನ್ ಇದ್ದವರಿಗೆ ನಾನು ಹೇಳಿದ್ದು ಇಷ್ಟೇ: "ಹಳೇ ಮೇಲ್‌ಗೆ ಒಂದು ಬ್ಯಾಕಪ್ ತಗೊಂಡಿರಿ. ಬಂದ್ ಆದರೆ ಎಂಎಕ್ಸ್ ದಾಖಲೆ ಬದಲಾಯಿಸೋಣ, ಅರ್ಧ ದಿನದ ಕೆಲಸ." ಉಳಿದವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಎಂಎಕ್ಸ್ ಅಂದರೆ ಈ ಡೊಮೇನಿನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ಡಿಎನ್‌ಎಸ್ ದಾಖಲೆ. ಡಿಎನ್‌ಎಸ್ ಇಂಟರ್ನೆಟ್ಟಿನ ವಿಳಾಸ ಪುಸ್ತಕ. ಅಂಚೆ ಕಚೇರಿಗೆ ಹೋಗಿ "ನನ್ನ ಕಾಗದಗಳನ್ನು ಇನ್ನು ಮೇಲೆ ವಿಜಯನಗರದ ಮನೆಗೆ ಕೊಡಿ" ಎಂದು ಬರೆದುಕೊಟ್ಟ ಹಾಗೆ.

ಡಾಟ್ ಇನ್ ಡೊಮೇನಿಗೆ ವರ್ಷಕ್ಕೆ ಸಾವಿರ ರೂಪಾಯಿ ಎತ್ತಿಟ್ಟರೆ ಸಾಕು. ಮೊದಲ ವರ್ಷ ನೂರೋ ಇನ್ನೂರೋ ಎಂದು ಆಸೆ ತೋರಿಸುತ್ತಾರೆ. ಎರಡನೇ ವರ್ಷದ ನವೀಕರಣಕ್ಕೆ ಎಷ್ಟು ಎಂದು ನೋಡಿ ಕೊಳ್ಳಿ.

ಹೆಸರು ಆರಿಸುವಾಗ ಒಂದು ಕನ್ನಡದ ತೊಂದರೆ ಇದೆ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ನಿಯಮವೇ ಇಲ್ಲ. ನನ್ನ ಮೊದಲ ಡೊಮೇನ್ "ಹಳ್ಳಿ" ಎಂದು ಶುರುವಾಗುತ್ತಿತ್ತು. ಗ್ಯಾಸ್ ಏಜೆನ್ಸಿ ಕೌಂಟರಿನಲ್ಲಿ "ಎಲ್ ಒಂದಾ ಎರಡಾ ಸಾರ್?" ಎಂದು ಕೇಳುವುದು, ನಾನು ಎರಡು ಅನ್ನುವುದು, ಅವರು ಒಂದೇ ಹಾಕುವುದು. "ದೀಪ"ಕ್ಕೆ ಎರಡು ಇ ಹಾಕುವವರೂ ಇದ್ದಾರೆ, ಒಂದು ಐ ಹಾಕುವವರೂ ಇದ್ದಾರೆ. ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂಥ ಹೆಸರು ಹುಡುಕಿ. ಚಿಕ್ಕದಿರಲಿ, ಒತ್ತಕ್ಷರ ಇಲ್ಲದಿರಲಿ.

ಡೊಮೇನ್ ಕೊಂಡ ದಿನವೇ ಮಾಡಬೇಕಾದ ಕೆಲಸ ಕೆಲವಿವೆ. ಡೊಮೇನ್ ಮಾರಿದವರಲ್ಲಿ ತೆರೆದ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಬೇರೆ ಯಾರೂ ವರ್ಗಾಯಿಸಿಕೊಳ್ಳದಂತೆ ಡೊಮೇನ್ ಲಾಕ್ ಮಾಡಿ. ಸಾಧ್ಯವಾದರೆ ಮೂರು ಅಥವಾ ಐದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿ. ಮುಖ್ಯವಾಗಿ, ಆ ಖಾತೆಯ ಲಾಗಿನ್‌ಗೆ ಅದೇ ಡೊಮೇನಿನ ಮೇಲ್ ಕೊಡಬೇಡಿ. ಡೊಮೇನ್ ಕೈಕೊಟ್ಟ ದಿನ ಪಾಸ್‌ವರ್ಡ್ ಬದಲಿಸುವ ಮೇಲ್ ಅದೇ ಸತ್ತ ವಿಳಾಸಕ್ಕೆ ಹೋಗುತ್ತದೆ. ಮನೆಯೊಳಗೆ ಕೀಲಿ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಈ ಒಂದು ಕೆಲಸಕ್ಕೆ ನಿಮ್ಮ ಹಳೇ ಜಿಮೇಲ್ ಇರಲಿ.

ನವೀಕರಣ ಮರೆತರೆ ಏನಾಗುತ್ತದೆ? ಗಡುವು ದಾಟಿದ ಮೇಲೆ ಯಾರು ಬೇಕಾದರೂ ಆ ಡೊಮೇನ್ ಕೊಳ್ಳಬಹುದು. ಕೊಂಡವನ ಕೈಗೆ ನಿಮ್ಮ ಮುಂದಿನ ಮೇಲ್‌ಗಳೆಲ್ಲ ಹೋಗುತ್ತವೆ, ಬ್ಯಾಂಕಿನ ಪಾಸ್‌ವರ್ಡ್ ರಿಸೆಟ್ ಕೂಡ. ಈ ತಾರೀಖನ್ನು ಫೋನಿನಲ್ಲಿ ಬರೆದರೆ ಸಾಲದು, ಗೋಡೆಯ ಕ್ಯಾಲೆಂಡರಿನಲ್ಲೂ ಬರೆಯಿರಿ.

ಮೂರನೆಯದು: ಮೇಲ್ ಎಲ್ಲಿಡುವುದು?

ಸೇವೆಗಳನ್ನು ತೂಗಲು ನಾನು ಕೇಳುವ ಪ್ರಶ್ನೆ ಒಂದೇ. ಕೀಲಿ ಯಾರ ಹತ್ತಿರ?

ಕೀಲಿ ನಿಮ್ಮ ಹತ್ತಿರವೇ ಇರುವ ಸೇವೆಗಳಲ್ಲಿ ಎರಡು ಹೆಸರು ಮುಂದಿವೆ. ಪ್ರೋಟಾನ್ ಸ್ವಿಟ್ಜರ್ಲೆಂಡಿನದು. ಸರ್ನ್ ಪ್ರಯೋಗಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ ಜನರ ಮುಂದೆ ತಂದರು. ಟೂಟಾ ಜರ್ಮನಿಯ ಹ್ಯಾನೋವರ್‌ನದು. 2023ರವರೆಗೆ ಅದರ ಹೆಸರು ಟೂಟಾನೋಟಾ. ಎರಡರಲ್ಲೂ ಮೇಲ್ ನಿಮ್ಮ ಪಾಸ್‌ವರ್ಡಿನಿಂದ ತೆರೆಯುವ ಕೀಲಿಯಲ್ಲಿ ಬೀಗ ಹಾಕಿ ಕೂತಿರುತ್ತದೆ. ಕಂಪನಿಯವರೇ ತೆರೆಯಲಾರರು. ಟೂಟಾ ಮೇಲ್‌ನ ವಿಷಯದ ಸಾಲನ್ನೂ ಬೀಗದೊಳಗೆ ಇಡುತ್ತದೆ, ಪ್ರೋಟಾನ್‌ನಲ್ಲಿ ಆ ಸಾಲು ಹಾಗೆ ಮುಚ್ಚಿರುವುದಿಲ್ಲ. ಪ್ರೋಟಾನ್ ಓಪನ್ ಪಿಜಿಪಿ ಎಂಬ, ಯಾರು ಬೇಕಾದರೂ ಬಳಸಬಹುದಾದ ಬೀಗದ ಪದ್ಧತಿ ಬಳಸುತ್ತದೆ. ಟೂಟಾದ್ದು ಅದರದೇ ಪದ್ಧತಿ, ಹಾಗಾಗಿ ಥಂಡರ್‌ಬರ್ಡ್‌ನಂಥ ಬೇರೆ ಆ್ಯಪ್‌ನಲ್ಲಿ ಅದನ್ನು ತೆರೆಯಲಾಗದು. ಪ್ರೋಟಾನ್ ಅನ್ನು ಥಂಡರ್‌ಬರ್ಡ್‌ಗೆ ಜೋಡಿಸಬಹುದು, ಅದಕ್ಕೆ ಬೇಕಾದ ಬ್ರಿಡ್ಜ್ ಎಂಬ ಆ್ಯಪ್ ದುಡ್ಡು ಕೊಟ್ಟವರಿಗೆ ಮಾತ್ರ.

ಎರಡೂ 1 ಜಿಬಿವರೆಗೆ ಉಚಿತ ಕೊಡುತ್ತವೆ. ಸ್ವಂತ ಡೊಮೇನ್ ಜೋಡಿಸಲು ಎರಡರಲ್ಲೂ ದುಡ್ಡು ಕೊಡಬೇಕು. ಉಚಿತ ಖಾತೆ ತೆರೆದು ಮರೆಯಬೇಡಿ. ಟೂಟಾದಲ್ಲಿ ಆರು ತಿಂಗಳು, ಪ್ರೋಟಾನ್‌ನಲ್ಲಿ ಒಂದು ವರ್ಷ ಲಾಗಿನ್ ಆಗದಿದ್ದರೆ ಖಾತೆಯೇ ಹೋಗಬಹುದು. ಜಿಮೇಲ್‌ಗೂ ಎರಡು ವರ್ಷದ ಇಂಥದ್ದೇ ನಿಯಮ ಇದೆ.

ಇಲ್ಲಿ ಎರಡು ಭ್ರಮೆ ಬಿಡಿಸಬೇಕು.

ಒಂದು, ನೀವು ಪ್ರೋಟಾನ್‌ನಿಂದ ಅಣ್ಣನ ಜಿಮೇಲ್‌ಗೆ ಬರೆದರೆ ಅಲ್ಲಿ ಅದು ಮಾಮೂಲಿ ಮೇಲ್. ನಿಮ್ಮ ಪೆಟ್ಟಿಗೆಗೆ ಬೀಗ ಇದೆ, ಅಣ್ಣನ ಪೆಟ್ಟಿಗೆಯ ಕೀಲಿ ಗೂಗಲ್ ಹತ್ತಿರ ಇದೆ. ಎರಡೂ ಕಡೆ ಒಂದೇ ಸೇವೆ ಇದ್ದರೆ ಮಾತ್ರ ಪೂರ್ತಿ ಬೀಗ. ಹೊರಗಿನವರಿಗೆ ಕಳಿಸುವಾಗ ಮೇಲ್‌ಗೇ ಪಾಸ್‌ವರ್ಡ್ ಹಾಕುವ ಸೌಲಭ್ಯ ಎರಡರಲ್ಲೂ ಇದೆ. ಆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ, ಇನ್ನೊಂದು ಮೇಲ್‌ನಲ್ಲಿ ಕಳಿಸಬೇಡಿ.

ಎರಡು, ಬೀಗ ಇದ್ದರೂ ಲಕೋಟೆಯ ಮೇಲಿನ ವಿಳಾಸ ಕಾಣುತ್ತದೆ. ಯಾರಿಗೆ, ಯಾವಾಗ ಅನ್ನುವುದು ಅಡಗುವುದಿಲ್ಲ. 2021ರಲ್ಲಿ ಸ್ವಿಸ್ ಕಾನೂನಿನ ಆದೇಶ ಬಂದಾಗ ಪ್ರೋಟಾನ್ ಫ್ರಾನ್ಸಿನ ಒಬ್ಬ ಪರಿಸರ ಹೋರಾಟಗಾರರ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ದಾಖಲಿಸಿ ಕೊಡಬೇಕಾಯಿತು. ಮೇಲ್‌ನ ಒಳಗಿನ ಮಾತು ಕೊಡಲಾಗಲಿಲ್ಲ, ಕೀಲಿ ಅವರ ಬಳಿ ಇರಲಿಲ್ಲವಲ್ಲ. ಹೊರಗಿನ ಗುರುತು ಹೋಯಿತು.

ಕೀಲಿ ಕಂಪನಿಯ ಹತ್ತಿರ ಇದ್ದರೂ ಜಾಹೀರಾತಿನ ವ್ಯಾಪಾರ ಇಲ್ಲದ ಸೇವೆಗಳು ಎರಡನೇ ಗುಂಪು. ನಮಗೆ ಹತ್ತಿರದ್ದು ಜೋಹೋ. ಚೆನ್ನೈನ ಕಂಪನಿ, 1996ರಿಂದ ಇದೆ. ಐದು ಜನರವರೆಗೆ ತಲಾ 5 ಜಿಬಿಯ ಉಚಿತ ಯೋಜನೆಯಲ್ಲೇ ಸ್ವಂತ ಡೊಮೇನ್ ಜೋಡಿಸಬಹುದು. ಬ್ರೌಸರ್ ಮತ್ತು ಅವರದೇ ಆ್ಯಪ್‌ನಲ್ಲಿ ಮಾತ್ರ ನೋಡಬೇಕು, ಬೇರೆ ಆ್ಯಪ್‌ಗೆ ಜೋಡಿಸುವ ಐಮ್ಯಾಪ್ ಇಲ್ಲ. ರೂಪಾಯಿಯಲ್ಲಿ ಬಿಲ್ ಬರುತ್ತದೆ. ಇಲ್ಲಿನ ಕಾನೂನಿನ ಕೈ ಅಲ್ಲಿಗೆ ನೇರವಾಗಿ ತಲುಪುತ್ತದೆ ಅನ್ನುವುದನ್ನೂ ತಿಳಿದಿರಿ. ಆಸ್ಟ್ರೇಲಿಯಾದ ಫಾಸ್ಟ್‌ಮೇಲ್ 1999ರಿಂದ ನಡೆಯುತ್ತಿದೆ. ವೇಗ, ಹುಡುಕಾಟ ಎಲ್ಲ ಚೆನ್ನಾಗಿದೆ, ಉಚಿತ ಯೋಜನೆ ಇಲ್ಲ.

ಬರ್ಲಿನ್‌ನ ಪೋಸ್ಟಿಯೋ ಮತ್ತು ಮೇಲ್‌ಬಾಕ್ಸ್ ಡಾಟ್ ಆರ್ಗ್ ಈ ಎರಡು ಗುಂಪುಗಳ ನಡುವೆ ಬರುತ್ತವೆ. ಬಂದ ಮೇಲ್‌ಗೆ ಬೀಗ ಹಾಕಿಸುವ ಸೌಲಭ್ಯ ಇದೆ, ಬೇಕಾದವರು ತಾವೇ ಆನ್ ಮಾಡಿಕೊಳ್ಳಬೇಕು. ಪೋಸ್ಟಿಯೋ ತಿಂಗಳಿಗೆ 1 ಯೂರೋ, ಹೆಸರು ಕೂಡ ಕೇಳುವುದಿಲ್ಲ. ಆದರೆ ಸ್ವಂತ ಡೊಮೇನ್ ಜೋಡಿಸಲು ಬಿಡುವುದಿಲ್ಲ. ಹಾಗಾಗಿ ನನ್ನ ಪಟ್ಟಿಯಿಂದ ಹೊರಗೆ.

ಹೊರದೇಶದ ಸೇವೆಗೆ ದುಡ್ಡು ಕಟ್ಟುವಾಗ ವರ್ಷದ ಯೋಜನೆಯನ್ನೇ ತೆಗೆದುಕೊಳ್ಳಿ. 2021ರಲ್ಲಿ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ ನಮ್ಮ ಕಾರ್ಡ್‌ಗಳಲ್ಲಿ ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿತವಾಗುವುದು ಆಗಾಗ ಕೈಕೊಡುತ್ತದೆ. ತಿಂಗಳಿಗೊಮ್ಮೆ ಈ ತಲೆನೋವು ಬೇಡ.

ಚಿಕ್ಕಪ್ಪನಿಗೆ ಯಾವುದು ಹಾಕಿದೆ? ಜೋಹೋ. ನಾನು ಪ್ರೋಟಾನ್ ಬಳಸುತ್ತೇನೆ, ಅವರಿಗೆ ಹಾಕಲಿಲ್ಲ. ಕಾರಣ ಇದೆ. ಪ್ರೋಟಾನ್, ಟೂಟಾಗಳಲ್ಲಿ ಪಾಸ್‌ವರ್ಡ್ ಮರೆತು, ರಿಕವರಿ ಪದಗಳನ್ನೂ ಕಳೆದುಕೊಂಡರೆ ಹಳೇ ಮೇಲ್ ಯಾರಿಂದಲೂ ತೆರೆಯಲಾಗದು. ಕಸ್ಟಮರ್ ಕೇರ್‌ಗೆ ಎಷ್ಟು ಗೋಗರೆದರೂ ಅಷ್ಟೇ. ಪಾಸ್‌ವರ್ಡನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ರದ್ದಿಗೆ ಹಾಕುವ ಮನೆಗೆ ಆ ಬೀಗ ಸರಿಯಲ್ಲ. ನಿಮ್ಮ ಮನೆಯವರ ಅಭ್ಯಾಸ ನೋಡಿ ಆರಿಸಿ, ಸೇವೆಯವರ ಜಾಹೀರಾತು ನೋಡಿ ಅಲ್ಲ.

ನಾಲ್ಕನೆಯದು: ಸಾಮಾನು ಸಾಗಿಸುವುದು

ಒಂದೇ ದಿನದಲ್ಲಿ ಮಾಡಲು ಹೋಗಬೇಡಿ. ಹಳೇದು, ಹೊಸದು ಎರಡನ್ನೂ ಒಂದು ವರ್ಷ ಜೊತೆಯಲ್ಲಿ ಇಟ್ಟುಕೊಳ್ಳಿ.

ಡೊಮೇನ್ ಜೋಡಿಸುವಾಗ ಸೇವೆಯವರು ನಾಲ್ಕೈದು ದಾಖಲೆ ಕೊಡುತ್ತಾರೆ. ಡೊಮೇನ್ ನಿಮ್ಮದೇ ಎಂದು ತೋರಿಸುವುದು ಒಂದು. ಎಂಎಕ್ಸ್ ಆಗಲೇ ಹೇಳಿದೆ. ಎಸ್‌ಪಿಎಫ್ ಅಂದರೆ ನನ್ನ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ. ಡಿಕಿಮ್ ಪ್ರತಿ ಮೇಲ್‌ಗೆ ಹಾಕುವ ಮೊಹರು. ಇವು ತಾಳೆಯಾಗದಿದ್ದರೆ ಆ ಮೇಲನ್ನು ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. ಡೊಮೇನ್ ಕೊಂಡ ಕಡೆಯ ಡಿಎನ್‌ಎಸ್ ಪುಟದಲ್ಲಿ ಇವನ್ನು ಒಂದೊಂದಾಗಿ ಅಂಟಿಸಬೇಕು. ಅರ್ಧ ಗಂಟೆ ಸಾಕು. ಆಮೇಲೆ ಹೊಸ ವಿಳಾಸದಿಂದ ನಿಮ್ಮ ಜಿಮೇಲ್‌ಗೆ ಒಂದು ಮೇಲ್ ಹಾಕಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆ ಒತ್ತಿ, "ಶೋ ಒರಿಜಿನಲ್" ನೋಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ "ಪಾಸ್" ಎಂದು ಬರಬೇಕು. ಒಂದರಲ್ಲಿ "ಫೇಲ್" ಬಂದರೂ ಅಲ್ಲೇ ನಿಲ್ಲಿ, ಸರಿಮಾಡಿ.

ಹಳೇ ಮೇಲ್‌ನ ಪ್ರತಿಯನ್ನು ಗೂಗಲ್ ಟೇಕ್‌ಔಟ್‌ನಿಂದ ಇಳಿಸಿಕೊಂಡು ಹಾರ್ಡ್‌ಡಿಸ್ಕಿಗೆ ಹಾಕಿ. ಹೊಸ ಸೇವೆಗೆ ಎಲ್ಲವನ್ನೂ ಹೊತ್ತೊಯ್ಯುವ ಸಾಧನ ಪ್ರೋಟಾನ್, ಜೋಹೋ ಎರಡರಲ್ಲೂ ಇದೆ. ಹದಿನೆಂಟು ವರ್ಷದ ಪಿಜ್ಜಾ ಆಫರ್ ಯಾಕೆ ಹೊರಬೇಕು? ಚಿಕ್ಕಪ್ಪನದ್ದರಲ್ಲಿ ಕಳೆದ ಮೂರು ವರ್ಷದ್ದು ಮಾತ್ರ ಸಾಗಿಸಿದೆವು.

ಇನ್ನು ವಿಳಾಸ ಬದಲಿಸುವುದು. ಕಾಗದದ ಮೇಲೆ ಪಟ್ಟಿ ಮಾಡಿ. ಮೊದಲು ದುಡ್ಡಿನದು: ಬ್ಯಾಂಕ್, ಆದಾಯ ತೆರಿಗೆ, ಪಿಎಫ್, ಡೀಮ್ಯಾಟ್, ವಿಮೆ. ಆಮೇಲೆ ಪಾಸ್‌ಪೋರ್ಟ್, ಆಧಾರ್, ಆಸ್ತಿ ತೆರಿಗೆ, ಬೆಸ್ಕಾಂ, ನೀರಿನ ಬಿಲ್. ಕೊನೆಗೆ ರೈಲು ಟಿಕೆಟ್, ಅಂಗಡಿಗಳು. ವಾರಕ್ಕೆ ನಾಲ್ಕು ಮಾಡಿದರೂ ಮೂರು ತಿಂಗಳಲ್ಲಿ ಮುಗಿಯುತ್ತದೆ. ಹಳೇ ಮೇಲ್‌ನಿಂದ ಹೊಸದಕ್ಕೆ ಫಾರ್ವರ್ಡ್ ಹಾಕಿ, ಹಾಗೆ ಬಂದದ್ದಕ್ಕೆಲ್ಲ "ಹಳೇದು" ಎಂಬ ಲೇಬಲ್ ಬೀಳುವಂತೆ ಮಾಡಿ. ಆ ಲೇಬಲ್‌ನಲ್ಲಿ ಯಾವುದು ಕಂಡರೂ, ಅಲ್ಲಿ ಇನ್ನೂ ವಿಳಾಸ ಬದಲಿಸಿಲ್ಲ ಎಂದರ್ಥ. ನೀವು ಮರೆತದ್ದನ್ನು ಅದೇ ನೆನಪಿಸುತ್ತದೆ.

ಬೀಗದ ವಿಷಯ ಚಿಕ್ಕದಾಗಿ. ಬೇರೆಲ್ಲೂ ಬಳಸದ ಉದ್ದ ಪಾಸ್‌ವರ್ಡ್ ಇರಲಿ. ಎರಡನೇ ಹಂತಕ್ಕೆ ಎಸ್ಸೆಮ್ಮೆಸ್ ಬದಲು ಅಥೆಂಟಿಕೇಟರ್ ಆ್ಯಪ್ ಬಳಸಿ, ನಿಮ್ಮ ಸಿಮ್ಮಿನ ನಕಲು ತೆಗೆಸಿದ ಕಳ್ಳನಿಗೆ ಎಸ್ಸೆಮ್ಮೆಸ್ ನೇರ ಹೋಗುತ್ತದೆ. ರಿಕವರಿ ಕೋಡ್‌ಗಳನ್ನು ಪ್ರಿಂಟ್ ತೆಗೆದು (ಜೆರಾಕ್ಸ್ ಅಂಗಡಿಯಲ್ಲಿ ಅಲ್ಲ!) ಖಾತಾ ಪತ್ರದ ಫೈಲಿನಲ್ಲಿಡಿ. ಮನೆಯಲ್ಲಿ ಯಾರೂ ಆ ಫೈಲನ್ನು ರದ್ದಿಗೆ ಹಾಕುವುದಿಲ್ಲ.

ಮೇಲ್‌ನಲ್ಲಿ ಚಿತ್ರಗಳು ತಾನಾಗಿ ತೆರೆಯದಂತೆ ಸೆಟ್ಟಿಂಗ್ ಮಾಡಿ. ಕಣ್ಣಿಗೆ ಕಾಣದ ಒಂದು ಚುಕ್ಕೆ ಚಿತ್ರ ಇಟ್ಟು, ನೀವು ಯಾವಾಗ ತೆರೆದಿರಿ ಎಂದು ಕಳಿಸಿದವರು ತಿಳಿದುಕೊಳ್ಳುತ್ತಾರೆ. ಸ್ವಂತ ಡೊಮೇನ್‌ನ ಇನ್ನೊಂದು ಸುಖ ಅಂದರೆ ಅಂಗಡಿಗೊಂದು ವಿಳಾಸ ಕೊಡಬಹುದು. ಸೂಪರ್ ಮಾರ್ಕೆಟ್‌ಗೊಂದು, ಜಿಮ್‌ಗೊಂದು. ನಾನು ಒಂದು ಬಟ್ಟೆ ಅಂಗಡಿಗೆ ಮಾತ್ರ ಕೊಟ್ಟ ವಿಳಾಸಕ್ಕೆ ಆರು ತಿಂಗಳಲ್ಲಿ ಸೈಟ್ ಮಾರುವವರ ಮೇಲ್ ಬಂತು. ಮಾರಿಕೊಂಡವರು ಯಾರು ಎಂದು ಹುಡುಕಬೇಕಾಗಲಿಲ್ಲ, ಆ ವಿಳಾಸ ಮುಚ್ಚಿದೆ. ಡೊಮೇನ್ ಇಲ್ಲದವರು ಸಿಂಪಲ್ ಲಾಗಿನ್, ಫೈರ್‌ಫಾಕ್ಸ್ ರಿಲೇಯಂಥ ಸೇವೆಗಳಿಂದ ಇದೇ ಕೆಲಸ ಮಾಡಬಹುದು. ಜಿಮೇಲ್‌ನಲ್ಲಿ ಹೆಸರಾದ ಮೇಲೆ ಪ್ಲಸ್ ಮತ್ತು ಇನ್ನೊಂದು ಪದ ಹಾಕುವ ಉಪಾಯವೂ ಇದೆ, ಆದರೆ ನಮ್ಮ ಎಷ್ಟೋ ಫಾರಂಗಳು ಪ್ಲಸ್ ಕಂಡರೆ ಒಪ್ಪುವುದೇ ಇಲ್ಲ.

ಐದನೆಯದು, ಬೇಕಾದವರಿಗೆ ಮಾತ್ರ: ಸ್ವಂತ ಸರ್ವರ್

ಇದನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಮೇಲ್ ಬರಮಾಡಿಕೊಳ್ಳುವುದು ಸುಲಭ. ನಾವು ಕಳಿಸಿದ್ದನ್ನು ಜಗತ್ತು ನಂಬುವಂತೆ ಮಾಡುವುದು ಕಷ್ಟ.

2019ರಲ್ಲಿ ವಿಜಯನಗರದ ಬಾಡಿಗೆ ಮನೆಯ ಅಟ್ಟದ ಮೇಲೆ ಹಳೇ ಲ್ಯಾಪ್‌ಟಾಪ್ ಇಟ್ಟು ಶುರುಮಾಡಿದೆ. ಒಂದು ಭಾನುವಾರ ಪೂರ್ತಿ ಹೋಯಿತು, ಒಂದೇ ಒಂದು ಮೇಲ್ ಹೊರಗೆ ಹೋಗಲಿಲ್ಲ. ಸರ್ವರಿಂದ ಸರ್ವರಿಗೆ ಮೇಲ್ ಹೋಗುವುದು 25ನೇ ಪೋರ್ಟ್‌ನಲ್ಲಿ. ಪೋರ್ಟ್ ಅಂದರೆ ಕಂಪ್ಯೂಟರಿನ ನಂಬರ್ ಹಾಕಿದ ಬಾಗಿಲು. ಮನೆ ಬ್ರಾಡ್‌ಬ್ಯಾಂಡಿನಲ್ಲಿ ಅದನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಎಷ್ಟೋ ಮನೆಗಳಿಗೆ ಸ್ವಂತ ಐಪಿ ವಿಳಾಸವೇ ಇರುವುದಿಲ್ಲ, ಬೀದಿಗೆಲ್ಲ ಒಂದೇ ಐಪಿ. ಇದ್ದರೂ ಅದು ಮನೆಯ ಐಪಿ ಎಂದು, ಸ್ಪಾಮ್ ತಡೆಯುವ ಸ್ಪಾಮ್‌ಹೌಸ್ ಸಂಸ್ಥೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಹೊರಗಿನವರು ತಳ್ಳಿಬಿಡುತ್ತಾರೆ. ಕರೆಂಟ್ ಹೋಗುವುದು ಇವೆಲ್ಲಕ್ಕಿಂತ ಸಣ್ಣ ಸಮಸ್ಯೆ. ಕಳಿಸುವ ಸರ್ವರ್‌ಗಳು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಮಳೆಗೆ ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೂ ಬೆಳಿಗ್ಗೆ ಮೇಲ್ ಬಂದು ಬೀಳುತ್ತದೆ. ಹಾಗಾಗಿ ಮನೆ ಬೇಡ, ಬಾಡಿಗೆ ಸರ್ವರ್, ಅಂದರೆ ವಿಪಿಎಸ್ ತೆಗೆದುಕೊಳ್ಳಿ.

ಕೊಳ್ಳುವ ಮುಂಚೆ ಎರಡು ಪ್ರಶ್ನೆ ಬರವಣಿಗೆಯಲ್ಲಿ ಕೇಳಿ. 25ನೇ ಪೋರ್ಟ್ ಹೊರಗೆ ತೆರೆದುಕೊಡುತ್ತೀರಾ? ಈ ಐಪಿ ಯಾವ ಹೆಸರಿನದು ಎಂದು ಹೇಳುವ ಪಿಟಿಆರ್ ದಾಖಲೆ ಹಾಕಲು ಬಿಡುತ್ತೀರಾ? ಡಿಜಿಟಲ್ ಓಷನ್‌ಗೆ ಬೆಂಗಳೂರಲ್ಲೇ ಡೇಟಾ ಸೆಂಟರ್ ಇದೆ, ಆದರೆ ಅವರ ಸರ್ವರ್‌ಗಳಲ್ಲಿ ಮೇಲ್ ಕಳಿಸುವ ಪೋರ್ಟ್‌ಗಳು ಮುಚ್ಚಿಯೇ ಬರುತ್ತವೆ. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲೂ 25 ಮುಚ್ಚಿರುತ್ತದೆ. ಅಮೆಜಾನ್‌ನಲ್ಲಿ ಅರ್ಜಿ ಹಾಕಿದರೆ ತೆರೆಯುವ ಅವಕಾಶ ಇದೆ. ಐಪಿ ಸಿಕ್ಕ ತಕ್ಷಣ ಅದು ಯಾವುದಾದರೂ ಕಪ್ಪು ಪಟ್ಟಿಯಲ್ಲಿ ಇದೆಯಾ ನೋಡಿ. ಹಿಂದಿನ ಬಾಡಿಗೆದಾರ ಸ್ಪಾಮ್ ಕಳಿಸಿದ್ದರೆ ಕೆಟ್ಟ ಹೆಸರು ನಿಮಗೆ. ಆ ಸರ್ವರ್ ಅಳಿಸಿ ಬೇರೆ ಐಪಿ ತೆಗೆದುಕೊಳ್ಳಿ.

ಸ್ವಂತ ಸರ್ವರ್ ಅಂದರೆ ಯಾರಿಗೂ ಗೊತ್ತಾಗದ ಸರ್ವರ್ ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಭಾರತದ ವಿಪಿಎಸ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ಎಲ್ಲವನ್ನೂ ಐದು ವರ್ಷ ಇಟ್ಟುಕೊಳ್ಳಬೇಕು. ಡಿಸ್ಕ್ ಅವರ ಕಟ್ಟಡದಲ್ಲಿ ಇರುತ್ತದೆ ಎಂಬುದೂ ನೆನಪಿರಲಿ.

ಪೋಸ್ಟ್‌ಫಿಕ್ಸ್, ಡವ್‌ಕಾಟ್‌ನಂಥ ಮೇಲ್ ಸರ್ವರ್ ಸಾಫ್ಟ್‌ವೇರ್‌ಗಳೆಲ್ಲವನ್ನೂ ಕೈಯಾರೆ ಜೋಡಿಸಿದರೆ ಕಲಿಯುವುದು ಬೇಕಾದಷ್ಟಿದೆ. ಮೇಲ್ ಬೇಕು ಅನ್ನುವವರು ಸಿದ್ಧ ಕಟ್ಟು ಹಾಕಿಕೊಳ್ಳಿ. ಮೇಲ್-ಇನ್-ಎ-ಬಾಕ್ಸ್ 1 ಜಿಬಿ ರ‍್ಯಾಮ್‌ನಲ್ಲಿ ನಡೆಯುತ್ತದೆ, ಡಿಎನ್‌ಎಸ್ ದಾಖಲೆಗಳನ್ನೂ ತಾನೇ ನೋಡಿಕೊಳ್ಳುತ್ತದೆ, ಯಾವುದು ತಪ್ಪಿದೆ ಎಂದು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಮೇಲ್‌ಕೌಗೆ 6 ಜಿಬಿ ಬೇಕು, ಸೌಲಭ್ಯ ಜಾಸ್ತಿ. ನಾಲ್ಕು ಜನರ ಮನೆಗೆ ಮೊದಲನೆಯದೇ ಸಾಕು.

ಈಗ ನನ್ನ ತಪ್ಪು ಹೇಳುತ್ತೇನೆ. ಡಿಕಿಮ್‌ನ 2048 ಬಿಟ್ ಕೀಲಿಯನ್ನು ಬರೆದರೆ ಸುಮಾರು 400 ಅಕ್ಷರ ಆಗುತ್ತದೆ. ಡಿಎನ್‌ಎಸ್‌ನಲ್ಲಿ ಒಂದು ತುಂಡಿಗೆ 255 ಅಕ್ಷರ ಮಾತ್ರ, ಅದನ್ನು ಎರಡು ತುಂಡು ಮಾಡಿ ಹಾಕಬೇಕು. ನಾನು ಬಳಸುತ್ತಿದ್ದ ಡಿಎನ್‌ಎಸ್ ಪುಟ ಪೂರ್ತಿ ಅಂಟಿಸಿಕೊಂಡು, ಹಸಿರು ಟಿಕ್ ತೋರಿಸಿ, ಒಳಗೊಳಗೇ 255ಕ್ಕೆ ಕತ್ತರಿಸಿತ್ತು. ನಾನು ಟಿಕ್ ನಂಬಿ ಎದ್ದುಹೋದೆ. ಮಗಳ ಶಾಲೆ ಪ್ರವೇಶದ ಅರ್ಜಿಯನ್ನು ಆ ವಾರವೇ ಕಳಿಸಿದೆ. ಹತ್ತು ದಿನವಾದರೂ ಉತ್ತರ ಇಲ್ಲ. ಶಾಲೆಗೆ ಹೋದರೆ ಆಫೀಸಿನ ಮೇಡಂ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಸ್ಪಾಮ್ ಫೋಲ್ಡರಿನಲ್ಲಿ ಎರಡು ಲಾಟರಿಗಳ ನಡುವೆ ನನ್ನ ಅರ್ಜಿ. "ನಿಮ್ಮ ಮೇಲ್ ಯಾವ್ದೋ ಫ್ರಾಡ್ ಥರ ಇದೆ ಸಾರ್, ಜಿಮೇಲಿಂದ ಕಳಿಸಿ" ಅಂದರು. ಕಳಿಸಿದೆ.

ಆದ್ದರಿಂದ ದಾಖಲೆ ಹಾಕಿದ ಮೇಲೆ ಹೊರಗಿನಿಂದ ಪರೀಕ್ಷಿಸಿ. ಮೇಲ್-ಟೆಸ್ಟರ್ ಎಂಬ ಸೈಟ್ ಒಂದು ತಾತ್ಕಾಲಿಕ ವಿಳಾಸ ಕೊಡುತ್ತದೆ. ಅದಕ್ಕೆ ಮೇಲ್ ಹಾಕಿದರೆ ಹತ್ತಕ್ಕೆ ಎಷ್ಟು ಅಂಕ, ಎಲ್ಲಿ ತಪ್ಪು ಎಂದು ಹೇಳುತ್ತದೆ. ಡಿಮಾರ್ಕ್ ಅನ್ನು ಮೊದಲು "ನನ್" (none, ಅಂದರೆ ಏನೂ ಮಾಡಬೇಡ) ಎಂದಿಟ್ಟು ವರದಿ ಮಾತ್ರ ತರಿಸಿಕೊಳ್ಳಿ. ಕೆಲವು ವಾರ ಎಲ್ಲ ಸರಿ ಬಂದರೆ "ಕ್ವಾರಂಟೈನ್"ಗೆ (ಅಂದರೆ ಸ್ಪಾಮ್‌ಗೆ ಹಾಕು) ಏರಿಸಿ. 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿಯಾಗಿದೆ. ಎಸ್‌ಪಿಎಫ್ ಅಥವಾ ಡಿಕಿಮ್ ಇಲ್ಲದ ಮೇಲ್‌ಗೆ ಅಲ್ಲಿ ಜಾಗವಿಲ್ಲ, ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಬೇಕು. ನೀವು ಮೂರೂ ಹಾಕಿ.

ಹೊರಗೆ ಕಳಿಸುವುದೇ ಗೋಳಾದರೆ ಅರ್ಧ ದಾರಿ ಒಂದಿದೆ. ಬರುವ ಮೇಲ್ ನಿಮ್ಮ ಸರ್ವರಿಗೆ, ಹೋಗುವ ಮೇಲ್ ಅಮೆಜಾನ್ ಎಸ್‌ಇಎಸ್‌ನಂಥ, ನಿಮ್ಮ ಪರವಾಗಿ ಮೇಲ್ ಸಾಗಿಸುವ ರಿಲೇ ಸೇವೆಯ ಮೂಲಕ. ತಲುಪುವುದು ಗ್ಯಾರಂಟಿ ಅಲ್ಲ, ಆದರೂ ಹೊಸ ಐಪಿಗಿಂತ ಎಷ್ಟೋ ಮೇಲು. ಹೋಗುವ ಮೇಲ್ ಆ ರಿಲೇಯವರ ಕೈ ಹಾದು ಹೋಗುತ್ತದೆ, ಅದನ್ನು ಒಪ್ಪಿಕೊಂಡೇ ಮಾಡಬೇಕು.

ನಡೆಸಲು ವಾರಕ್ಕೆ ಅರ್ಧ ಗಂಟೆ ಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, ಡಿಸ್ಕ್ ಎಷ್ಟು ತುಂಬಿದೆ ನೋಡಿ, ಲಾಗ್ ಮೇಲೆ ಒಮ್ಮೆ ಕಣ್ಣಾಡಿಸಿ. ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಮೊದಲ ದಿನದಿಂದಲೇ ಬಾಗಿಲು ಬಡಿಯುತ್ತಿರುತ್ತವೆ, ಫೇಲ್‌ಟುಬ್ಯಾನ್ ಎಂಬ ಸಾಫ್ಟ್‌ವೇರ್ ಅವನ್ನು ತಡೆಯುತ್ತದೆ. ಸರ್ವರಿನ ಸಂಪರ್ಕಕ್ಕೆ ಬೀಗ ಹಾಕಲು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ 90 ದಿನದ್ದು. ತಾನಾಗಿ ನವೀಕರಣ ಆಗುತ್ತಿದೆಯಾ ಎಂದು ಮೊದಲ ಸಲ ನೀವೇ ನೋಡಿ. ಬ್ಯಾಕಪ್ ಅದೇ ಕಂಪನಿಯ ಸರ್ವರಿನಲ್ಲಿ ಬೇಡ, ಮನೆಯ ಹಾರ್ಡ್‌ಡಿಸ್ಕಿಗೆ ರಾತ್ರಿ ತಾನಾಗಿ ಬರುವಂತೆ ಮಾಡಿ. ಮನೆಯವರಲ್ಲಿ ಒಬ್ಬರಿಗಾದರೂ ಲಾಗಿನ್ ಎಲ್ಲಿ ಬರೆದಿಟ್ಟಿದ್ದೀರಿ ಎಂದು ಹೇಳಿರಿ.

ಆರು ವಾರ ಇದರಿಂದ ಸ್ನೇಹಿತರಿಗೆ ಮಾತ್ರ ಬರೆಯಿರಿ. ಒಬ್ಬೊಬ್ಬರಿಗೂ ಫೋನ್ ಮಾಡಿ "ಇನ್‌ಬಾಕ್ಸ್‌ಗೆ ಬಂತಾ, ಸ್ಪಾಮ್‌ಗೆ ಬಂತಾ?" ಎಂದು ಕೇಳಿ. ಒಂದು ಶನಿವಾರ ಬೇರೆ ಸರ್ವರಿನಲ್ಲಿ ಬ್ಯಾಕಪ್‌ನಿಂದ ಎಲ್ಲವನ್ನೂ ಮತ್ತೆ ಎಬ್ಬಿಸಿ ನೋಡಿ. ಎದ್ದರೆ ಮಾತ್ರ ಬ್ಯಾಂಕಿಗೆ ಆ ವಿಳಾಸ ಕೊಡಿ.